ಒಲೆಯ ಕರೆಂಟು

ನನ್ನ ನೆಗೆಣ್ಣಿ ಉಜ್ವಲಾ ರೊಟ್ಟಿ ಬಡಿಯುವುದನ್ನು ಬಿಟ್ಟು ಮೂರು ವರ್ಷವಾಯಿತು. ಅವಳು ಬಿಟ್ಟ ರೊಟ್ಟಿಯನ್ನೆಲ್ಲ ನಾನೇ ಬಡಿಯುತ್ತ ಬಂದಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಅವಳ ಕಡೆ ನಿಂತದ್ದನ್ನು ಓದಿ, ಆಹಾ ಒಡಹುಟ್ಟಿದವರ ಹಾಗಿದ್ದರು ಅಂತ ಯಾರೂ ಕಣ್ಣೊರೆಸಿಕೊಳ್ಳಬಾರದು.

ನಮ್ಮದು ಸೋಲಾಪುರದ ಅಕ್ಕಲಕೋಟ ರಸ್ತೆಯಲ್ಲಿ ಚಾದರ ನೇಯುವ ಕಾರ್ಖಾನೆ. ಕೆಳಗೆ ಮಗ್ಗ, ಮೇಲೆ ಮನೆ. ಮಾವ ಸಾತಲಿಂಗಪ್ಪನವರು ಮಾಲೀಕರು. ಹಿರಿಯ ಮಗ ಅವಿನಾಶ ನನ್ನ ಗಂಡ, ನನ್ನ ಹೆಸರು ಶೀತಲ. ನೂಲು ತರುವುದು, ವ್ಯಾಪಾರಿಗಳ ಜೊತೆ ಚಹಾ ಕುಡಿಯುವುದು ಅವರ ಕೆಲಸ. ಕಿರಿಯವನು ಉದಯಕುಮಾರ, ಉಜ್ವಲಾಳ ಗಂಡ, ಬಣ್ಣದ ತೊಟ್ಟಿ ಮತ್ತು ಪಾರ್ಸೆಲ್ಲು ನೋಡಿಕೊಳ್ಳುತ್ತಾನೆ. ಎಲ್ಲರ ಮೇಲೆ ಮಾವನ ತಾಯಿ ಅಕ್ಕನಾಗಮ್ಮ. ನಾವೆಲ್ಲ ಅವರನ್ನು ಆಯಿ ಅನ್ನುತ್ತೇವೆ, ಮಾವ ಕೂಡ ಹಾಗೇ ಕರೆಯುತ್ತಾರೆ.

ಉಜ್ವಲಾ ಕುರನೂರಿನ ಹೊಲಮನೆಯವಳು, ಅಕ್ಕಲಕೋಟದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿತವಳು. ಅವಳು ಸೊಸೆಯಾಗಿ ಬಂದ ವರ್ಷವೇ ನಮ್ಮ ನಕ್ಷೆಯ ಮಾಸ್ತರರು ಕಣ್ಣು ಮಂಜಾಗಿ ಕೆಲಸ ಬಿಟ್ಟರು. ಚಾದರದ ಮೇಲಿನ ಹೂವು, ನವಿಲು, ಅಂಚು ಎಲ್ಲ ಮೊದಲು ನಕ್ಷೆಯಾಗಬೇಕು, ಆ ನಕ್ಷೆ ಮಗ್ಗಕ್ಕೆ ಇಳಿಯಬೇಕು. ಹಿಂದೆ ತೂತು ಹೊಡೆದ ರಟ್ಟಿನ ಪಟ್ಟಿಗಳಿದ್ದವು. ಈಗ ಮಗ್ಗದ ಮೇಲೆ ಸುರತ್ತಿನಿಂದ ತಂದ ಹೊಸ ಯಂತ್ರ ಕೂತಿದೆ, ಅದು ಕಂಪ್ಯೂಟರಿನ ಮಾತು ಕೇಳುತ್ತದೆ. ನಾನು ಎರಡು ದಿನ ನೋಡುತ್ತೇನೆ ಮಾಮಾ ಅಂತ ಕೆಳಗಿಳಿದ ಹುಡುಗಿ ಮತ್ತೆ ಅಡಿಗೆಮನೆಗೆ ಹತ್ತಿ ಬರಲಿಲ್ಲ. ಅವಳು ಬಿಡಿಸುವ ನಕ್ಷೆಗಳು ಚೆನ್ನಾಗಿರುತ್ತವೆ ಅಂತ ನನಗೂ ಗೊತ್ತು. ಗೊತ್ತಿದ್ದರೇನು, ಮಣಿಕಟ್ಟು ನೋಯುವುದು ನನ್ನದಲ್ಲವೇ.

ತೊಂದರೆ ಇದ್ದದ್ದು ಆ ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಲಿನಕ್ಸ್ ಅನ್ನುವುದರಲ್ಲಿ. ಅವಳು ನನಗೆ ಬಿಡಿಸಿ ಹೇಳಿದ್ದು ಇಷ್ಟು. ಲಿನಕ್ಸಿನಲ್ಲಿ ಸ್ಟೇಬಲ್ ಅಂತ ಒಂದಿದೆ. ವರ್ಷಗಟ್ಟಲೆ ಪರೀಕ್ಷೆ ಮಾಡಿ ಬಿಟ್ಟದ್ದು, ಬಿಟ್ಟ ಮೇಲೆ ಅದರಲ್ಲಿ ಯಾರೂ ಹೆಚ್ಚು ಕೈಯಾಡಿಸುವುದಿಲ್ಲ. ಅನ್‌ಸ್ಟೇಬಲ್ ಅಂತ ಇನ್ನೊಂದಿದೆ. ಹೊಸದೇನು ಹುಟ್ಟಿದರೂ ಮೊದಲು ಅಲ್ಲಿಗೆ ಬರುತ್ತದೆ, ಕೆಡುವುದೂ ಮೊದಲು ಅಲ್ಲೇ. ಕೆಡುತ್ತೇನೆ ಅಂತ ಹೆಸರಿನಲ್ಲೇ ಹೇಳಿಕೊಂಡು ಬಂದದ್ದನ್ನು ಯಾರಾದರೂ ಮನೆ ತುಂಬಿಸಿಕೊಳ್ಳುತ್ತಾರೆಯೇ ಅಂತ ನಾನು ಕೇಳಿದೆ. ಸುರತ್ತಿನ ಯಂತ್ರಕ್ಕೆ ಬೇಕಾದ ಹೊಸ ಭಾಗ ಆಗ ಅದರಲ್ಲಿ ಮಾತ್ರ ಇತ್ತಂತೆ, ಬೇರೆ ದಾರಿ ಇರಲಿಲ್ಲವಂತೆ.

ಅಂದಿನಿಂದ ಅದು ಅತ್ತೆಮನೆಗೆ ಹೊಂದದ ಸೊಸೆಯಾಯಿತು. ಒಂದು ವಾರ ಪರದೆ ಕಪ್ಪಾಗುವುದು, ಇನ್ನೊಂದು ವಾರ ಮಗ್ಗದ ಗುರುತೇ ಮರೆಯುವುದು. ಉಜ್ವಲಾ ಊಟ ಬಿಟ್ಟು ಅದರ ಮುಂದೆ ಕೂತು ಸರಿಮಾಡುತ್ತಿದ್ದಳು. ಶ್ರಾವಣದಲ್ಲಿ ಒಮ್ಮೆ ಕೈಯಲ್ಲಿ ಆರ್ಡರ್ ಇದ್ದಾಗಲೇ ಕೆಟ್ಟು, ಮಗ್ಗಗಳು ನಿಂತು, ನೇಕಾರರು ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕಿದರು. ಆ ದಿನ ಊಟಕ್ಕೆ ಕೂತಾಗ ಮಾವ ಧ್ವನಿ ಏರಿಸದೆ ಹೇಳಿದರು: ಇನ್ನೊಮ್ಮೆ ಮಶೀನು ನಿಂತರೆ ಇದನ್ನು ಎತ್ತಿಬಿಡುವುದು, ಪೇಟೆಯಿಂದ ಬೇರೆ ಮಶೀನು ಅದರ ಆಪರೇಟರ್ ಸಮೇತ ತರುವುದು, ಉಜ್ವಲಾ ಮೇಲೆ ಬರುವುದು. ಅವಳು ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಳು. ನನಗೆ ಸಂತೋಷವಾಯಿತು. ಆಯಿತು ಅಂದಮೇಲೆ ಆಯಿತು, ಮುಚ್ಚಿಡುವುದೇನು.

ಅಷ್ಟರಲ್ಲಿ ಹೊಸ ಸ್ಟೇಬಲ್ ಹೊರಬಂತು. ಸುರತ್ತಿನ ಯಂತ್ರಕ್ಕೆ ಬೇಕಾದ ಭಾಗ ಈಗ ಅದರಲ್ಲೂ ಇತ್ತು. ಅದಕ್ಕೆ ಇಳಿದುಬಿಟ್ಟರೆ ನೆಮ್ಮದಿ. ಆದರೆ ಸ್ಟೇಬಲ್‌ನಿಂದ ಅನ್‌ಸ್ಟೇಬಲ್‌ಗೆ ಹತ್ತುವುದು ಸುಲಭ, ಇಳಿಯುವುದು ಕಷ್ಟ. ಇಳಿಯಬೇಡಿ, ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಳ್ಳಿ ಅಂತಲೇ ತಿಳಿದವರು ಹೇಳುತ್ತಾರಂತೆ. ನಮಗೆ ಅಳಿಸುವ ಹಾಗಿರಲಿಲ್ಲ. ಮಗ್ಗಕ್ಕೆ ನಕ್ಷೆ ಇಳಿಸುವ ಪ್ರೋಗ್ರಾಂ ಅನ್ನು ಸುರತ್ತಿನವರು ಆ ಮಶೀನಿನಲ್ಲೇ ನೋಂದಾಯಿಸಿ ಕೊಟ್ಟಿದ್ದರು, ಆಮೇಲೆ ಅವರು ಅಂಗಡಿ ಮುಚ್ಚಿಕೊಂಡು ಹೋಗಿದ್ದರು. ಅಳಿಸಿದರೆ ಮತ್ತೆ ನೋಂದಾಯಿಸಿ ಕೊಡುವವರೇ ಇಲ್ಲ. ನಕ್ಷೆಗಳ ನಕಲು ಅವಳ ಬಳಿ ಇತ್ತು. ಇಡೀ ಮಶೀನಿನ ನಕಲು ಇಡಲು ದೊಡ್ಡ ಡಿಸ್ಕ್ ಕೇಳಿದಳು, ದಸರೆಯಾದ ಮೇಲೆ ನೋಡೋಣ ಅಂದರು ಮಾವ. ಅಷ್ಟರೊಳಗೆ ಮತ್ತೆ ಕೆಟ್ಟರೆ ಅವಳ ಕಥೆ ಮುಗಿದಂತೆ. ಹೀಗಾಗಿ ಇದ್ದ ಮನೆಯಲ್ಲಿ ಇದ್ದುಕೊಂಡೇ ಒಂದೊಂದು ಕಲ್ಲು ತೆಗೆದು ಬೇರೆ ಕಲ್ಲು ಇಡುವ ಕೆಲಸವಾಯಿತು.

ಅದಕ್ಕೆ ಅವಳು ಆರಿಸಿದ್ದು ಖಂಡೇನವಮಿಯ ದಿನ. ಆ ದಿನ ಮಗ್ಗಗಳಿಗೆ ಪೂಜೆ, ಕೆಲಸವಿಲ್ಲ, ಕಂಪ್ಯೂಟರನ್ನು ಕೇಳುವವರಿಲ್ಲ. ಮರುದಿನ ದಸರೆಯ ಬೆಳಿಗ್ಗೆ ಮುಹೂರ್ತದ ಚಾದರ ಮಗ್ಗದಿಂದ ಇಳಿಯಬೇಕು. ಅದನ್ನು ಕೈಯಾರೆ ಒಯ್ಯಲು ಅಕ್ಕಲಕೋಟದಿಂದ ಧನರಾಜ ಸೇಠ ಬರುವವರಿದ್ದರು. ಗುಡಿಯ ಬೀದಿಯಲ್ಲಿ ಅವರ ದೊಡ್ಡ ಅಂಗಡಿ. ಅವರು ಒಪ್ಪಿದ್ದು ಉಜ್ವಲಾ ಬಿಡಿಸಿದ ಕೊಕ್ಕರೆಯ ನಕ್ಷೆಯನ್ನು. ಕುರನೂರಿನ ಅಣೆಕಟ್ಟಿನ ಹಿನ್ನೀರಿನಲ್ಲಿ ನಿಲ್ಲುವ ಕೊಕ್ಕರೆಗಳು, ಒಂದು ಕಾಲು ಮಡಚಿಕೊಂಡು, ಚಾದರದ ಉದ್ದಕ್ಕೂ.

ನವಮಿಯ ಬೆಳಿಗ್ಗೆ ನಾನು ಚಹಾ ಒಯ್ದಾಗ ಅವಳು ಆಗಲೇ ಮಿಂದು ಕೂತಿದ್ದಳು. ಪರದೆಯ ಮೇಲೆ ಸಾಲುಗಳು ಒಂದರ ಹಿಂದೊಂದು ಓಡುತ್ತಿದ್ದವು. ಬೇಕಾದದ್ದನ್ನೆಲ್ಲ ಹಿಂದಿನ ದಿನವೇ ನೆಟ್‌ನಿಂದ ಇಳಿಸಿಟ್ಟುಕೊಂಡಿದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಆಯಿ ಮೇನ್ ಸ್ವಿಚ್ ಇಳಿಸುತ್ತಾರೆ, ಅಷ್ಟರೊಳಗೆ ನನ್ನದು ಮುಗಿದಿರುತ್ತದೆ ಅಂದಳು. ಚಹಾ ಅಲ್ಲೇ ಆರಿತು.

ಆಯಿ ಸ್ವಿಚ್ ಇಳಿಸುವುದು ನಮ್ಮ ಮನೆಯ ಪದ್ಧತಿ. ಖಂಡೇನವಮಿಗೆ ಮಗ್ಗಗಳನ್ನೆಲ್ಲ ಒರೆಸಿ, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಡೆಗೆ ಮನೆಯ ಹಿರಿಯ ಹೆಣ್ಣುಮಗಳು ಕಾರ್ಖಾನೆಯ ಮೇನ್ ಇಳಿಸಿ, ಅದರ ಹಿಡಿಗೆ ಕುಪ್ಪಸದ ಹಸಿರು ಖಣ ಕಟ್ಟುತ್ತಾಳೆ. ಮರುದಿನ ಬೆಳಿಗ್ಗೆ ಅವಳೇ ಎತ್ತಬೇಕು. ನಡುವೆ ಒಂದು ಗಾಲಿಯೂ ಅಲುಗಬಾರದು.

ಆ ವರ್ಷ ಪಂಚಾಂಗ ಕೈಕೊಟ್ಟಿತು. ನವಮಿ ಮಧ್ಯಾಹ್ನಕ್ಕೇ ಮುಗಿಯುತ್ತದೆ ಅಂತ ಐನೋರು ಫೋನು ಮಾಡಿದರು. ಹಾಗಾದರೆ ಈಗಲೇ ಮಾಡಿಬಿಡೋಣ ಅಂತ ಆಯಿ ಸೆರಗು ಸಿಕ್ಕಿಸಿಕೊಂಡು ಇಳಿದರು. ಗಂಡಸರು ತೆಂಗಿನಕಾಯಿ, ಬಾಳೆಕಂಬ ಅಂತ ಓಡಾಡಿದರು. ಕಂಪ್ಯೂಟರಿನ ಸುದ್ದಿಯನ್ನು ಆಯಿಗೆ ಯಾರೂ ಹೇಳಿರಲಿಲ್ಲ. ಆಯಿಗೆ ಮಶೀನಿನ ಮಾತು ಏನು ಹೇಳುವುದು ಅಂತ ಎಲ್ಲರೂ ಅಂದುಕೊಂಡಿದ್ದರು. ಬಾಗಿಲು ಹಾಕಿಕೊಂಡು ಕೂತಿದ್ದ ಉಜ್ವಲಾಳಿಗೆ ಪೂಜೆ ಮುಂದೆ ಬಂದದ್ದನ್ನು ಹೇಳಬೇಕೆಂದು ಕೂಡ ಯಾರಿಗೂ ಹೊಳೆಯಲಿಲ್ಲ.

ನಾನು ಮೇಲೆ ಹೋಳಿಗೆಯ ಹೂರಣ ರುಬ್ಬುತ್ತಿದ್ದೆ. ಕೆಳಗಿನಿಂದ ಮೊದಲು ಗಂಟೆಯ ಸದ್ದು ಬಂತು, ಆಮೇಲೆ ಕಾಯಿ ಒಡೆದದ್ದು, ಆಮೇಲೆ ಕೀಂ ಕೀಂ ಅಂತ ಏನೋ ಕಿರುಚುವುದು. ಹಿಂದೆಯೇ ಉಜ್ವಲಾಳ ಧ್ವನಿ. ಆ ಹುಡುಗಿ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಹೂರಣದ ಕೈಯಲ್ಲೇ ಮೆಟ್ಟಿಲಿಳಿದೆ.

ಸ್ವಿಚ್ ಬೋರ್ಡಿನ ಮುಂದೆ ಎಲ್ಲರೂ ಕೈಮುಗಿದುಕೊಂಡು ನಿಂತಿದ್ದರು. ಮೇನ್ ಇಳಿದಿತ್ತು, ಖಣ ಕಟ್ಟಿ ಆಗಿತ್ತು. ಉಜ್ವಲಾ ಆಯಿಯ ಎದುರಿಗೆ ನಿಂತು ಏದುಸಿರು ಬಿಡುತ್ತ ಹೇಳುತ್ತಿದ್ದಳು. ಕಂಪ್ಯೂಟರು ಈಗ ಯುಪಿಎಸ್‌ನ ಬ್ಯಾಟರಿಯ ಮೇಲೆ ಉಸಿರಾಡುತ್ತಿದೆ, ಬ್ಯಾಟರಿ ಹಳೆಯದು, ಹೆಚ್ಚು ಹೊತ್ತು ಬರುವುದಿಲ್ಲ. ಉಳಿದೆಲ್ಲ ಪ್ರೋಗ್ರಾಂಗಳು ಯಾವುದರ ಮೇಲೆ ನಿಂತಿವೆಯೋ ಆ ತಳದ ಕಲ್ಲನ್ನೇ ಈಗ ಬದಲಿಸುತ್ತಿದೆ. ಈ ಹೊತ್ತಿನಲ್ಲಿ ನಿಂತರೆ ಹಳೆಯದೂ ಇಲ್ಲ, ಹೊಸದೂ ಇಲ್ಲ, ಮಶೀನು ಮತ್ತೆ ಏಳುವುದಿಲ್ಲ.

ಮಾವ ಗುಂಡಿ ಒತ್ತಿ ಬಂದ್ ಮಾಡಿಬಿಡು, ಉಳಿದದ್ದು ನಾಳೆ ಮಾಡು ಅಂದರು. ಬಂದ್ ಮಾಡುವುದೂ ಕರೆಂಟು ಹೋಗುವುದೂ ಒಂದೇ ಅಂತ ಅವಳು ಹೇಳಿದಳು. ಉದಯಕುಮಾರ ಹೆಂಡತಿಯ ಮುಖ ನೋಡಿದ, ಆಯಿಯ ಮುಖ ನೋಡಿದ, ಕಡೆಗೆ ಸ್ವಿಚ್ಚಿನ ಕಡೆ ಒಂದು ಹೆಜ್ಜೆ ಇಟ್ಟ.

"ಮುಟ್ಟಬ್ಯಾಡ," ಅಂದರು ಆಯಿ. "ನಿಮ್ಮ ಮುತ್ಯಾ ಒಮ್ಮಿ ಎತ್ತಿದ್ದ. ಆರ್ಡರ್ ಅದ, ಒಂದು ತಾಸಿಂದು ಕೆಲಸ ಅದ ಅಂತ ಎತ್ತಿದ್ದ. ಅವತ್ತು ಅವನ ಕೈ ಹ್ಯಾಂಗ ಆಗಿತ್ತು ಅನ್ನೂದು ನೀವು ಯಾರೂ ನೋಡಿಲ್ಲ. ನಾ ನೋಡೀನಿ."

ಉದಯಕುಮಾರ ನಿಂತ. ಮುತ್ಯಾನ, ಅಂದರೆ ಆಯಿಯ ಗಂಡನ, ಬಲಗೈಯಲ್ಲಿ ಎರಡೇ ಬೆರಳುಳಿದಿದ್ದ ಸಂಗತಿ ಮನೆಯವರಿಗೆಲ್ಲ ಗೊತ್ತಿತ್ತು. ಆಯಿ ಹಟಕ್ಕೆ ಹೇಳುತ್ತಿರಲಿಲ್ಲ, ಭಯಕ್ಕೆ ಹೇಳುತ್ತಿದ್ದರು. ಉಜ್ವಲಾ ಖಣ ಕಟ್ಟಿದ ಹಿಡಿಯನ್ನೇ ನೋಡುತ್ತಿದ್ದಳು. ಅವಳ ಬಲಗೈ ಒಮ್ಮೆ ಮೇಲೆದ್ದು ಕೆಳಗಿಳಿಯಿತು. ಎತ್ತಿದರೆ ಆಯಿ ಈ ಜನ್ಮದಲ್ಲಿ ಅವಳನ್ನು ಕ್ಷಮಿಸುವುದಿಲ್ಲ, ಎತ್ತದಿದ್ದರೆ ನಾಳೆ ಧನರಾಜ ಸೇಠರ ಎದುರಿಗೆ ಮಗ್ಗ ಸತ್ತಂತೆ ನಿಂತಿರುತ್ತದೆ, ಅವಳು ಸೌಟು ಹಿಡಿಯುತ್ತಾಳೆ. ಅತ್ತ ದರಿ ಇತ್ತ ಪುಲಿ. ಒಳಗೆ ಯುಪಿಎಸ್ಸಿನ ಕೀಂ ಕೀಂ ಮೊದಲಿಗಿಂತ ಬೇಗಬೇಗ ಆಗತೊಡಗಿತ್ತು.

ನನ್ನ ತಲೆಯಲ್ಲಿ ಆಗ ಬಂದದ್ದು ದೊಡ್ಡ ಉಪಾಯವೇನಲ್ಲ. ಮಿಕ್ಸರ್ ಬಂದ್ ಮಾಡದೆ ಇಳಿದು ಬಂದಿದ್ದೇನಲ್ಲ, ಹೂರಣ ನೀರಾಗುತ್ತದೆ ಅಂತ ಬೈದುಕೊಂಡೆ. ಮಿಕ್ಸರು ಇನ್ನೂ ಮೇಲೆ ಗುರ್ ಅನ್ನುತ್ತಲೇ ಇತ್ತು. ಕಾರ್ಖಾನೆಯ ಮೀಟರು ಬೇರೆ, ಮನೆಯ ಮೀಟರು ಬೇರೆ. ಅಲ್ಲಿದ್ದ ಗಂಡಸರು ಯಾರೂ ಅಡಿಗೆಮನೆಯಲ್ಲಿ ಒಂದು ಗುಂಡಿ ಒತ್ತಿದವರಲ್ಲ, ಅವರಿಗೆ ಎಲ್ಲಿಂದ ನೆನಪಾಗಬೇಕು.

"ಆಯಿ," ಅಂದೆ. "ಮಗ್ಗಕ್ಕ ಖಂಡೇನವಮಿ ಅದ. ಒಲಿಗಿ ಎಂದರ ಇತ್ತೇನ್ರಿ? ನಿನ್ನಿ ಇಲ್ಲ, ಇವತ್ತಿಲ್ಲ, ನಾಳಿನೂ ಇಲ್ಲ. ನಿಮ್ಮ ಮೇನ್ ಇಳದs ಇರ್ಲಿ. ನಾ ಒಲಿ ಕರೆಂಟ್ ಕೊಡ್ತೀನಿ."

ಆಯಿ ನನ್ನನ್ನು ದಿಟ್ಟಿಸಿ ನೋಡಿದರು. ಅವರೂ ಆ ಒಲೆಯ ಮುಂದೆ ಮೊಣಕಾಲು ಸವೆಸಿದವರೇ. ಮಗ್ಗ ಅಲುಗಿದರೆ ಮಾತ್ರ ನೋಡಿಕೊಳ್ಳಿ ಅಂದು ಆರತಿಯ ತಟ್ಟೆ ಎತ್ತಿಕೊಂಡರು. ನಾನು ಆಗಲೇ ಮೆಟ್ಟಿಲ ಮೇಲಿದ್ದೆ.

ಮಿಕ್ಸರ್ ಕಿತ್ತು, ಅದರ ಉದ್ದ ವೈರಿನ ಬೋರ್ಡನ್ನು ಕಿಟಕಿಯಿಂದ ಕೆಳಗೆ ಬಿಟ್ಟೆ. ಕಂಪ್ಯೂಟರಿನ ಕೋಣೆಯ ಕಿಟಕಿಗೆ ಬಂದು ಅದು ನಿಂತಿತು, ಮುಂದೆ ಹೋಗಲಿಲ್ಲ. ಉಜ್ವಲಾ ಒಳಗಿನಿಂದ ಯುಪಿಎಸ್ಸಿನ ವೈರು ಎಳೆದು ಹಿಡಿದಳು, ನಡುವೆ ಒಂದು ಮೊಳ ಖಾಲಿ. ಯುಪಿಎಸ್ ಸರಿಸೋಣವೆಂದರೆ ಅದರ ಹಳೆಯ ತಂತಿಗಳು ಎಲ್ಲಿ ಕಳಚುತ್ತವೋ ಎಂಬ ಭಯ. ಕೀಂ ಕೀಂ ನಿಂತು ಒಂದೇ ಸಮನೆ ಕೀಂ ಅನ್ನತೊಡಗಿತು.

"ಅಕ್ಕಾ, ಸಾಯಾಕತ್ತದ," ಅಂದಳು ಅವಳು. ಕೂಗಲಿಲ್ಲ, ಸಣ್ಣಗೆ ಅಂದಳು.

ಟಿವಿಯ ಹಿಂದಿನ ವೈರಿನ ಬೋರ್ಡನ್ನು ಹೇಗೆ ಕಿತ್ತೆನೋ ಗೊತ್ತಿಲ್ಲ, ಅದರ ಜೊತೆ ಒಂದು ಮೊಳೆ, ಗೋಡೆಯ ಸುಣ್ಣವೂ ಬಂದವು. ಮೆಟ್ಟಿಲು ಹತ್ತಿ ಬಂದಿದ್ದ ಉದಯಕುಮಾರನ ಕೈಗೆ ಎಸೆದೆ. ಅವನು ಓಡಿ ಎರಡನ್ನೂ ಜೋಡಿಸಿದ. ಅಡಿಗೆಮನೆಯ ಫ್ಯೂಸು ಬಡವ, ಎಲ್ಲವನ್ನೂ ಒಟ್ಟಿಗೆ ತಾಳುವುದಿಲ್ಲ ಅಂತ ನನಗೆ ಗೊತ್ತಿತ್ತು. ಫ್ರಿಜ್ ಕಿತ್ತೆ, ನನ್ನ ಗಂಡ ಹಾಕಿಟ್ಟು ಮರೆತಿದ್ದ ಗೀಸರ್ ಆರಿಸಿದೆ. ಆಮೇಲೆ ಗುಂಡಿ ಒತ್ತಿ ಕಿಟಕಿಗೆ ಕಿವಿಕೊಟ್ಟೆ. ಕೆಳಗೆ ಕಿರುಚಾಟ ನಿಂತಿತು. ಕರೆಂಟು ಮುಟ್ಟಿ ನಿಂತಿತೋ, ಪ್ರಾಣ ಹೋಗಿ ನಿಂತಿತೋ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಕೆಳಗಿಳಿದು ನೋಡಿದರೆ ಪರದೆಯ ಮೇಲೆ ಸಾಲುಗಳು ಓಡುತ್ತಿದ್ದವು. ಉಜ್ವಲಾ ಕುರ್ಚಿಯ ತುದಿಯಲ್ಲಿ ಕೂತು ಒಂದೊಂದು ಸಾಲನ್ನೂ ಓದುತ್ತಿದ್ದಳು. ನಡುನಡುವೆ ಮಶೀನು ನಿಂತು ಪ್ರಶ್ನೆ ಕೇಳುತ್ತಿತ್ತು, ಹಳೆಯ ಕಡತ ಇಟ್ಟುಕೊಳ್ಳಲೋ ಹೊಸದು ಹಾಕಲೋ ಅಂತ. ಒಂದೊಂದಕ್ಕೂ ಅವಳು ತುಟಿ ಕಚ್ಚಿ ಯೋಚಿಸಿ ಉತ್ತರ ಕೊಡುತ್ತಿದ್ದಳು. ನಾನು ಹೂರಣವನ್ನು ಒರಳಿನಲ್ಲಿ ರುಬ್ಬಿದೆ. ಎಷ್ಟು ವರ್ಷದ ಮೇಲೋ, ಬೈಯುತ್ತಲೇ ರುಬ್ಬಿದೆ.

ಇಳಿಮಧ್ಯಾಹ್ನ ಎಲ್ಲ ಮುಗಿಯಿತು, ಈಗ ಒಮ್ಮೆ ಬಂದ್ ಮಾಡಿ ಎಬ್ಬಿಸಬೇಕು ಅಂದಳು. ಅದೇ ನಿಜವಾದ ಪರೀಕ್ಷೆಯಂತೆ. ಎದ್ದರೆ ಎದ್ದಿತು. ಪರದೆ ಕಪ್ಪಾಯಿತು. ಎಷ್ಟು ಹೊತ್ತಾದರೂ ಕಪ್ಪಾಗೇ ಇತ್ತು. ಅವಳು ನನ್ನ ಮಣಿಕಟ್ಟು ಹಿಡಿದಿದ್ದಳು, ನೋಯುವ ಮಣಿಕಟ್ಟನ್ನೇ ಹಿಡಿದಿದ್ದಳು, ನಾನು ಬಿಡಿಸಿಕೊಳ್ಳಲಿಲ್ಲ. ಕಡೆಗೆ ಮೂಲೆಯಲ್ಲಿ ಒಂದು ಬಿಳಿ ಅಕ್ಷರ ಕಂಡಿತು, ಹಿಂದೆಯೇ ಇನ್ನಷ್ಟು, ಆಮೇಲೆ ಪರದೆ ತುಂಬ ಬೆಳಕು. ಸುರತ್ತಿನ ಪ್ರೋಗ್ರಾಂ ತೆರೆದಳು. ನೋಂದಣಿ ಇದೆ ಅಂತ ಅದು ಹೇಳಿತು, ಕೊಕ್ಕರೆಗಳೂ ಬಂದವು. ಆದರೆ ಮಗ್ಗ ಅದರ ಮಾತು ಕೇಳುತ್ತದೋ ಇಲ್ಲವೋ ಅನ್ನುವುದು ಆಯಿ ಸ್ವಿಚ್ ಎತ್ತುವವರೆಗೆ ಗೊತ್ತಾಗುವ ಹಾಗಿರಲಿಲ್ಲ. ಆ ದಿನ ನಾನು ಮಾಡಿದ ಹೋಳಿಗೆಯನ್ನು ಅವಳು ಮುಟ್ಟಲಿಲ್ಲ, ನನಗೆ ಸಿಟ್ಟೂ ಬರಲಿಲ್ಲ.

ದಸರೆಯ ಬೆಳಿಗ್ಗೆ ಧನರಾಜ ಸೇಠರು ಜರಿಯ ಟೋಪಿ ಹಾಕಿಕೊಂಡು ಬಂದು ಕುರ್ಚಿಯಲ್ಲಿ ಕೂತರು. ಆಯಿ ಖಣ ಬಿಚ್ಚಿ, ಹಣೆಗೆ ಒತ್ತಿಕೊಂಡು, ಮೇನ್ ಎತ್ತಿದರು. ದೀಪಗಳು ಹತ್ತಿದವು. ಉಜ್ವಲಾ ಒಳಗಿನಿಂದ ನಕ್ಷೆ ಕಳಿಸಿದಳು. ಮಗ್ಗದ ಮೇಲಿನ ಯಂತ್ರದಲ್ಲಿ ಕೆಂಪು ದೀಪ ಕಾಣಿಸಿತು, ಅಲ್ಲೇ ನಿಂತಿತು. ಮಗ್ಗಗಳ ಉಸ್ತುವಾರಿಯ ಹಳೆಯ ಜಾಬರ್ ಶಂಕರೆಪ್ಪ ಮಗ್ಗದ ಹಿಡಿಯ ಮೇಲೆ ಕೈಯಿಟ್ಟು ಅವಳ ಕಡೆ ನೋಡಿದ. ಮಾವ ಸೇಠರ ಜೊತೆ ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ಆಮೇಲೆ ದೀಪ ಹಸಿರಾಯಿತು, ಶಂಕರೆಪ್ಪ ಹಿಡಿ ಎಳೆದ, ಮಗ್ಗ ಖಟಖಟ ಹೊಡೆಯತೊಡಗಿತು. ಮೊದಲ ಕೊಕ್ಕರೆಯ ಕಾಲು ಬಂತು, ಹೊಟ್ಟೆ ಬಂತು, ಕೊಕ್ಕು ಬಂತು. ಒಂದು ಎಳೆಯೂ ತಪ್ಪಲಿಲ್ಲ. ಇಳಿದ ಚಾದರವನ್ನು ಮಡಿಲಿಗೆ ಹಾಕಿಕೊಂಡು, ಕಣ್ಣಿಗೊತ್ತಿಕೊಂಡು ಸೇಠರು ಒಯ್ದರು.

ಅವರ ಗಾಡಿ ಬಾಗಿಲು ದಾಟಿದ ಮೇಲೆ ಮಾವ ಉಜ್ವಲಾಳನ್ನು ಕರೆದರು. ನೇಕಾರರೆಲ್ಲ ಪೇಢೆ ತಿನ್ನುತ್ತ ನಿಂತಿದ್ದರು. ಮಾವನ ಮುಖ ಅಷ್ಟು ಅರಳಿದ್ದನ್ನು ನಾನು ಮದುವೆಮನೆಗಳಲ್ಲೂ ಕಂಡಿರಲಿಲ್ಲ.

"ಇನ್ನ ಮಶೀನ ಕೆಡೂದಿಲ್ಲಲ್ಲ?"

ಇಲ್ಲ, ಇದು ಸ್ಟೇಬಲ್, ವರ್ಷಗಟ್ಟಲೆ ಹೀಗೇ ಇರುತ್ತದೆ ಅಂದಳು ಅವಳು. ಖುಷಿಯಿಂದಲೇ ಅಂದಳು.

"ಹಂಗಾದ್ರ ನಿನಗ ಇನ್ನ ಆ ತ್ರಾಸ ಬ್ಯಾಡವಾ. ಚಾಲೂ ಮಾಡೂದು, ಬಂದ್ ಮಾಡೂದು ಅಷ್ಟs ಅಲ್ಲ. ಅವಿನಾಶ ಕುಂದರ್ತಾನ. ಹೊಸಾ ನಕ್ಷಾ ಬೇಕಾದ್ರ ಪ್ಯಾಟ್ಯಾಗ ಸಿಗ್ತಾವ. ನೀ ಮ್ಯಾಲ ಆರಾಮ ಇರು."

ಅವರು ಬಹುಮಾನ ಕೊಡುತ್ತಿದ್ದರು. ಅದೇ ನೋಡಿ ನನಗೆ ಮೈ ಉರಿದದ್ದು. ಬೈದಿದ್ದರೆ ತಾಳಿಕೊಳ್ಳಬಹುದಿತ್ತು. ಕೆಟ್ಟರೆ ಮೇಲೆ ಹೋಗು ಅಂದಿದ್ದವರು, ಕೆಡದಂತೆ ಮಾಡಿದ ಮೇಲೂ ಮೇಲೇ ಹೋಗು ಅನ್ನುತ್ತಿದ್ದರು. ನನ್ನ ಗಂಡ ಆಗಲೇ ಆ ಕೋಣೆಯ ಬಾಗಿಲಲ್ಲಿ ನಿಂತು ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟಿದ್ದರು.

ಉಜ್ವಲಾಳ ಕೈಯಲ್ಲಿ ಪೇಢೆ ಹಾಗೇ ಇತ್ತು. "ಅದು ಕೆಡಬಾರದು ಅಂತ ಮಾಡೀನ್ರಿ ಮಾಮಾ," ಅಂದಳು. "ನಾ ಬ್ಯಾಡಾಗ್ಲಿ ಅಂತ ಮಾಡಿಲ್ಲ."

ಮಾವನಿಗೆ ನಿಜಕ್ಕೂ ತಿಳಿಯಲಿಲ್ಲ. ಬೆಪ್ಪಾಗಿ ಅತ್ತಿತ್ತ ನೋಡಿದರು, ಆಮೇಲೆ ಅವಳಿಗೆ ನನ್ನ ಕಡೆ ಕೈ ತೋರಿಸಿದರು. ಶೀತಲ ಒಬ್ಬಳೇ ಎಷ್ಟು ಅಂತ ಮಾಡುತ್ತಾಳೆ, ನೀನು ಮೇಲಿದ್ದರೆ ಅವಳಿಗೂ ಹಗುರವಾಗುತ್ತದೆ ಅಂದರು. ಹೌದಲ್ಲವಾ ಅಂತ ನನ್ನನ್ನೇ ಕೇಳಿದರು.

ಎಲ್ಲರೂ ನನ್ನನ್ನು ನೋಡಿದರು. ಮೂರು ವರ್ಷದಿಂದ ನಾನು ದೇವರಲ್ಲಿ ಕೇಳಿಕೊಂಡದ್ದನ್ನು ತಟ್ಟೆಯಲ್ಲಿಟ್ಟು ಕೊಡುತ್ತಿದ್ದರು. ಹೂಂ ಅಂದರೆ ಸಾಕಿತ್ತು. ಕೆಲಸ ಅರ್ಧ ಇಳಿಯುತ್ತಿತ್ತು, ಗಂಡನಿಗೆ ಕುರ್ಚಿ ಸಿಗುತ್ತಿತ್ತು, ಯಾರೂ ನನ್ನದು ತಪ್ಪು ಅನ್ನುತ್ತಿರಲಿಲ್ಲ. ನನಗೆ ಆಸೆಯಾಯಿತು.

"ಹಗುರಾಗ್ತದ್ರಿ ಮಾಮಾ," ಅಂದೆ. ಉಜ್ವಲಾ ತಲೆ ತಗ್ಗಿಸಿದಳು.

"ಆದ್ರ ಭಾಕ್ರಿ ಬಡ್ಯಾಕಿ ಸೋಲಾಪುರದಾಗ ಗಲ್ಲಿಗೊಬ್ಬಾಕಿ ಸಿಗ್ತಾಳ. ಒಬ್ಬಾಕಿನ್ನ ಇಡ್ರಿ, ಮೂರು ವರ್ಷದ ಹಿಂದs ಇಡಬೇಕಾಗಿತ್ತು. ಇಂಥಾ ಕೊಕ್ಕರಿ ತಗಿಯಾಕಿನ್ನ ಎಲ್ಲಿಂದ ತರ್ತೀರಿ? ಇವರಿಗೆ ಗೀಸರ್ ಆರಿಸೂದs ನೆನಪಿರೂದಿಲ್ಲ."

ಯಾರೋ ನೇಕಾರ ಕೆಮ್ಮಿದ. ನನ್ನ ಗಂಡ ಕುರ್ಚಿಯ ಮೇಲಿನ ಕೈ ತೆಗೆದು, ನೂಲಿನ ಲಾರಿ ಬರುವ ಹೊತ್ತಾಯಿತು ಅಂತ ಹೊರಗೆ ಹೋದರು. ಆ ದಿನ ಲಾರಿ ಇರಲಿಲ್ಲ. ಮಾವ ಮಗ್ಗದ ಮೇಲೆ ಒಂದರ ಹಿಂದೊಂದು ಬರುತ್ತಿದ್ದ ಕೊಕ್ಕರೆಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಶಂಕರೆಪ್ಪನನ್ನು ಕರೆದು, ರೊಟ್ಟಿ ಬಡಿಯುವವರು ಯಾರಾದರೂ ಗುರುತಿದ್ದರೆ ಹೇಳು ಅಂದರು.

ಉಜ್ವಲಾ ಒಳಗೆ ಹೋಗಿ ಕುರ್ಚಿಯಲ್ಲಿ ಕೂತಳು. ಕೈಯಲ್ಲೇ ಉಳಿದಿದ್ದ ಪೇಢೆಯನ್ನು ಬಾಯಿಗೆ ಹಾಕಿಕೊಂಡು ಮೌಸ್ ಹಿಡಿದಳು. ನಾನು ಮೇಲೆ ಹೋಗಿ, ತಣ್ಣಗಾಗಿದ್ದ ಹಂಚನ್ನು ಮತ್ತೆ ಒಲೆಗೇರಿಸಿದೆ.